ಗುಡುಗು ಕೇಳದ ಊರಿಗೆ ಬಂದ ಅಲೆ

ಸಂತಾಪ ಸಭೆಯಲ್ಲಿ ಮಾತನಾಡಿದವರೆಲ್ಲ ನಮ್ಮ ಫಿಜಿಕ್ಸ್ ಮೇಡಮ್ಮೋರನ್ನು 'ಶಾಂತ ಸ್ವಭಾವದವರು, ಮಿತಭಾಷಿ' ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಅಯ್ಯೋ ಶಿವನೇ, ಯಾರ ಬಗ್ಗೆ ಹೇಳುತ್ತಿದ್ದಾರೆ ಇವರು? ಆಳಂದದಿಂದ ಅಫಜಲಪುರಕ್ಕೆ ಬಸ್ಸಿನಲ್ಲಿ ದಿನಾ ಓಡಾಡುತ್ತ ಕಂಡಕ್ಟರನಿಗೂ ಮಾತಿನಲ್ಲಿ ಸೋಲದಿದ್ದ ಹೆಣ್ಣುಮಗಳು ಆಕೆ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಒಂದು ಅಂದರೆ ಇವರು ಒಂಬತ್ತು ಅಂದು ಎದ್ದು ಹೋಗುತ್ತಿದ್ದರು. ಸತ್ತವರನ್ನು ಹೊಗಳಬೇಕು, ಒಪ್ಪಿದೆ. ಹಾಗಂತ ಇನ್ಯಾರನ್ನೋ ಹೊಗಳಿ ಇವರ ಫೋಟೋದ ಮುಂದೆ ಹೂವು ಇಡುವುದೇ? ನನ್ನ ಸರದಿ ಬಂದಾಗ ಎರಡು ಮಾತು ಆಡಿ ಕೂತುಬಿಟ್ಟೆ. ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ.

ನಾನು ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅವರು ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇತಿಹಾಸ ಏನ್ ಬೇ? ಛಲೋ ಆತು. ಸತ್ತವ್ರು ಎದ್ದು ಬಂದು 'ಹಂಗಲ್ಲ' ಅನ್ನಂಗಿಲ್ಲ. ನಮ್ದು ಹಂಗಿಲ್ಲ ನೋಡು, ಗಾಳಿ ದಿನಾ ಬಂದು 'ತಪ್ಪಂದಿ' ಅಂತದ" ಎಂದರು. ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ತಮ್ಮ ಊಟದ ಡಬ್ಬಿ ನನ್ನ ಮುಂದೆ ಸರಿಸಿ, "ಸಿಟ್ಟಿನಾಗ ಹೊಟ್ಟಿ ಸುಡಬ್ಯಾಡ, ನಮ್ಮಕ್ಕ ಹುಣಸಿ ಹಾಕಿ ಖಟ್ಟಾ ದಾಲ್ ಮಾಡ್ಯಾಳ" ಎಂದು ಹೇಳಿದ ಮೇಲೆ ಸಿಟ್ಟು ಎಲ್ಲಿ ನಿಲ್ಲಬೇಕು?

ತಲೆಯ ಮೇಲೆ ಬಿಳಿ ದುಪಟ್ಟಾ, ಕಾಲಲ್ಲಿ ಗಂಡಸರು ಹಾಕುವಂಥ ದಪ್ಪ ಚಪ್ಪಲಿ. ಕ್ಲಾಸಿಗೆ ಬಂದವರೇ ಹಾಜರಿ ಕೂಗುವ ಮೊದಲು ಕಿಟಕಿ ತೆಗೆದು ವಾಯುವ್ಯದ ಕಡೆ, ಅಂದರೆ ಸೊಲ್ಲಾಪುರದ ದಿಕ್ಕಿಗೆ, ಒಮ್ಮೆ ನೋಡುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಸೀಮೆಗೆ ಗುಡುಗಿನ ಮಳೆ ಹೆಚ್ಚಾಗಿ ಆ ಕಡೆಯಿಂದಲೇ ಬರುವುದು. ಪ್ರಶ್ನೆ ಕೇಳಿದಾಗ ಯಾವನಾದರೂ ಹುಡುಗ ತಲೆ ತಗ್ಗಿಸಿ ಗೊಣಗಿದರೆ ಅವರಿಗೆ ಆಗುತ್ತಿರಲಿಲ್ಲ. "ಗೊತ್ತಿಲ್ಲಂದ್ರ ತಲಿ ಎತ್ತಿ ಹೇಳು ಲೇ! ನನಗೂ ಭಾಳ ಗೊತ್ತಿಲ್ಲ, ನಾ ಏನ್ ತಲಿ ತಗ್ಗಿಸೇನೇನು?" ಅನ್ನುತ್ತಿದ್ದರು. ಆ ಮಾತಿಗೆ ಹೆದರಿದವರಿಗಿಂತ ಧೈರ್ಯ ತಗೊಂಡವರೇ ಹೆಚ್ಚು.

ಅವರಿಗೆ ಒಂದು ಹುಚ್ಚು ಇತ್ತು. ಗುಡುಗಿನ ಮೋಡ ಆಕಾಶದಲ್ಲಿ ಎಬ್ಬಿಸುವ ಅಲೆಯ ಹುಚ್ಚು.

ಆ ವಿಷಯವನ್ನು ಅವರು ನನಗೆ ತಿಳಿಸಿದ್ದು ಬಸ್ ಸ್ಟ್ಯಾಂಡಿನ ನೀರಿನ ತೊಟ್ಟಿಯ ಹತ್ತಿರ. ಯಾರೋ ಹೆಂಗಸು ತುಂಬಲು ಇಟ್ಟಿದ್ದ ಖಾಲಿ ಕೊಡವನ್ನು ಕೇಳದೆ ಎತ್ತಿಕೊಂಡು, ತೊಟ್ಟಿಯ ನೀರಿಗೆ ಬಲವಾಗಿ ಒತ್ತಿ ಬಿಟ್ಟರು. ಕೊಡ ಪುಟಿದು ಮೇಲೆ ಬಂತು, ಮತ್ತೆ ಕೆಳಗೆ ಕುಸಿಯಿತು, ಮತ್ತೆ ಮೇಲೆದ್ದಿತು. ಸುತ್ತಲೂ ನೀರು ಅಲೆಯಲೆಯಾಗಿ ಸರಿದು ತೊಟ್ಟಿಯ ಅಂಚಿಗೆ ಬಡಿಯಿತು. "ನೋಡಿದಿ? ಬ್ಯಾಸಿಗ್ಯಾಗ ನೆಲ ಕಾದು ಬಿಸಿ ಗಾಳಿ ಮ್ಯಾಲ ನುಗ್ತದ. ದೊಡ್ಡ ಮೋಡ ಆಗ್ತದ. ಆ ಮೋಡ ಮ್ಯಾಲಿನ ಗಾಳೀನ ಗುದ್ದತದ. ಗುದ್ದಿಸ್ಕೊಂಡ ಗಾಳಿ ಮ್ಯಾಲ ಹೋತು ಅಂದ್ರ ಅದರ ಭಾರಾನೇ ಅದನ್ನ ಕೆಳಗ ಜಗ್ಗತದ. ಜಗ್ಗಿದ ಜೋರಿಗಿ ಅದು ತನ್ನ ಜಾಗಾ ದಾಟಿ ಕೆಳಗ ಬರ್ತದ. ಮತ್ತ ಮ್ಯಾಲ. ಮತ್ತ ಕೆಳಗ. ಈ ಅಲುಗಾಟ ಸುತ್ತ ಹರಡ್ತದ, ಮೋಡ ಇಲ್ಲದ ಊರಿಗೂ ಹೋಗ್ತದ. ಇದಕ್ಕ ಗುರುತ್ವ ಅಲಿ ಅಂತಾರ" ಎಂದರು. ಕೊಡದ ಒಡತಿ ಬಂದು ಬೈದಳು. ಮೇಡಮ್ಮೋರು ಅವಳಿಗೂ ಅದನ್ನೇ ಇನ್ನೊಮ್ಮೆ ಮಾಡಿ ತೋರಿಸಿದರು!

ಆ ಅಲೆ ಹೋಗುವ ವೇಗ ಹೆಚ್ಚುಕಡಿಮೆ ನಮ್ಮ ಬಸ್ಸಿನಷ್ಟೇ ಅಂತೆ. ಅದು ಮೇಲಕ್ಕೂ ಏರುತ್ತದೆ, ಏರಿದಷ್ಟು ದೊಡ್ಡದಾಗುತ್ತದೆ, ವಿಮಾನಗಳು ಹಾರುವ ಎತ್ತರವನ್ನೂ ಎಷ್ಟೋ ದಾಟಿ ಹೋಗಿ ಅಲ್ಲಿ ಒಡೆಯುತ್ತದೆ ಅಂತೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಎದ್ದು, ಪೇಪರಿನಲ್ಲಿ ದೊಡ್ಡ ಸುದ್ದಿಯಾದ ಅಲೆ ಇದೇ ಏನ್ರಿ, ಕಪ್ಪು ರಂಧ್ರದ್ದು, ಎಂದು ಕೇಳಿದ. "ಅದು ಬ್ಯಾರೆ ಲೇ. ಅದು ಬ್ರಹ್ಮಾಂಡದ ಆಚಿಗಿಂದ ಬರೂದು. ಇದು ಸೊಲ್ಲಾಪುರದಿಂದ" ಎಂದರು. ಇಡೀ ಕ್ಲಾಸು ನಕ್ಕಿತು, ಪಕ್ಕದ ಕೋಣೆಯಲ್ಲಿದ್ದ ನಾನೂ ಪಾಠ ನಿಲ್ಲಿಸಿ ನಕ್ಕೆ. ಅವರ ಧ್ವನಿಗೆ ಗೋಡೆ ಲೆಕ್ಕಕ್ಕೇ ಇರಲಿಲ್ಲ.

ಅದೇ ದಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳಂತೆ: "ಮೇಡಂ, ನೀವು ಆ ಅಲಿ ನೋಡೀರೇನ್ರಿ?"

ಮೇಡಮ್ಮೋರು ತಲೆ ಎತ್ತಿಯೇ ಉತ್ತರ ಕೊಟ್ಟರು. "ಇಲ್ಲವಾ. ಪುಸ್ತಕದಾಗ ಓದೀನಿ. ನಿಮಗೂ ಹಂಗೇ ಹೇಳ್ಕೋತ ಬಂದೀನಿ. ಆದ್ರ ನಾ ಈ ಕಾಲೇಜು ಬಿಡೂದ್ರೊಳಗ ನಿಮಗ ತೋರಸ್ತೇನಿ. ನಮ್ಮ ಆಕಾಶದಾಗಿಂದೇ ತೋರಸ್ತೇನಿ."

ಅವರ ನಿವೃತ್ತಿಗೆ ಆಗ ಮೂರು ಬೇಸಿಗೆ ಉಳಿದಿದ್ದವು.

ಮಾತು ಕೊಟ್ಟು ಸುಮ್ಮನಿರುವ ಜಾತಿ ಅಲ್ಲ ಅದು. ಈಗಿನ ಕೆಲವು ಮೊಬೈಲುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸಣ್ಣ ಯಂತ್ರ ಇರುತ್ತದೆ. ಅಂಥ ಹಳೆಯ ಮೂರು ಫೋನುಗಳನ್ನು ಅಲ್ಲಿ ಇಲ್ಲಿ ಕಾಡಿ ಬೇಡಿ ಒಟ್ಟು ಮಾಡಿದರು. ಒಂದನ್ನು ಹಿಡಿದು ನನ್ನನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದರು. ಮೇಲೆ ಹೋದಂತೆ ಪರದೆಯ ಮೇಲಿನ ಗೆರೆ ಇಳಿಯಿತು, ಕೆಳಗೆ ಬಂದಂತೆ ಏರಿತು. "ಅಲಿ ಬಂದ್ರ ಇಷ್ಟೇ ಆಗೂದು, ಒಂದು ಮಹಡಿ ಹತ್ತಿ ಇಳದಷ್ಟು. ಇಡೀ ಊರನ್ನ ಯಾರೋ ಮೆತ್ತಗ ಎತ್ತಿ ಇಳಿಸಿದಂಗ. ಊರಿಗಿ ಗೊತ್ತೇ ಆಗಂಗಿಲ್ಲ" ಎಂದರು.

ಮೂರು ಫೋನು ಯಾಕೆ ಅಂದರೆ, ಒಂದೇ ಕಡೆ ಗೆರೆ ಅಲುಗಿದರೆ ಯಾರೋ ಬಾಗಿಲು ಬಡಿದದ್ದೂ ಇರಬಹುದು. ಮೊದಲು ಒಂದೂರು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು, ಹೀಗೆ ಸರದಿಯಲ್ಲಿ ಒಂದೇ ಥರ ಅಲುಗಿದರೆ ಅದು ಅಲೆ. ಅದಕ್ಕೇ ಒಂದು ಫೋನು ಆಳಂದದಲ್ಲಿ ಅವರೂ ಅವರ ಅಕ್ಕನೂ ಇರುವ ಮನೆಯಲ್ಲಿ, ಒಂದು ಅಫಜಲಪುರದ ನಮ್ಮ ಕಾಲೇಜಿನಲ್ಲಿ, ಮೂರನೆಯದು ಜೇವರ್ಗಿ ತಾಲೂಕಿನ ನೆಲೋಗಿಯ ನಮ್ಮ ಮನೆಯಲ್ಲಿ. ನಾನು ವಾರವೆಲ್ಲ ಅಫಜಲಪುರದಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುವವಳು. ಊರಲ್ಲಿ ಅಣ್ಣ, ವೈನಿ ಅಂದರೆ ಅತ್ತಿಗೆ, ಮಕ್ಕಳು, ಅವರೆಲ್ಲರ ಮೇಲೆ ನಮ್ಮವ್ವ.

ನಮ್ಮ ಕಡೆಯವರಿಗೆ ಈಗ ಎಲ್ಲ ಅರ್ಥವಾಗಿರಬೇಕು. ಗುಡುಗು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಯಾವುದು? ಟೀವಿ ವಾಯರು ಕಿತ್ತು, ಮೊಬೈಲು ಬಂದ್ ಮಾಡುವುದು!

ಮೊದಲನೆಯ ಬೇಸಿಗೆಯಲ್ಲಿ ಮಸ್ತ್ ಮಳೆ ಬಂತು. ಆಳಂದದಲ್ಲಿ ಅವರ ಅಕ್ಕ ಫೋನು ಬಂದ್ ಮಾಡಿ ರಜಾಯಿಯಲ್ಲಿ ಸುತ್ತಿ ಇಟ್ಟಿದ್ದರು. ಕಾಲೇಜಿನಲ್ಲಿ ಸಿಪಾಯಿ ಮೇನ್ ಸ್ವಿಚ್ಚು ಇಳಿಸಿ, ಫೋನೂ ಆರಿಸಿ, ಕರ್ತವ್ಯ ಮಾಡಿದ ಮುಖ ಹೊತ್ತು ನಿಂತಿದ್ದ. ನಮ್ಮವ್ವನಂತೂ ಬಂದ್ ಮಾಡಿದ್ದು ಸಾಲದು ಅಂತ ಜೋಳದ ಚೀಲದೊಳಗೆ ಹೂತಿದ್ದಳು. ಮೂರಕ್ಕೆ ಮೂರೂ ಬಂದ್. ನಾನು ಕುದಿಯುತ್ತಿದ್ದರೆ ಮೇಡಮ್ಮೋರು ಸ್ಟಾಫ್ ರೂಮಿನ ಮೇಜು ಬಡಿದು ಬಡಿದು ನಕ್ಕರು. "ಅಲ್ಲಾ! ಗುಡುಗಿನ ಅಲಿ ಹಿಡ್ಯಾಕ ಹೋಗಿ ಮೂರೂ ಮನಿ ದೀಪ ಆರಿಸಿದೆ ಬೇ ನಾ" ಎಂದರು.

ಎರಡನೆಯ ಬೇಸಿಗೆ ಅವರೇ ನೆಲೋಗಿಗೆ ಬಂದರು. ಅವ್ವನ ಎದುರು ಕಾಲು ಮಡಚಿ ಕೂತು, ಫೋನಿನ ಹೊಟ್ಟೆ ಬಿಚ್ಚಿ ಸಿಮ್ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. "ಅವ್ವಾರ, ಇದರಾಗ ಸಿಮ್ಮೇ ಇಲ್ರಿ. ಯಾರಿಗೂ ಹತ್ತಂಗಿಲ್ಲ. ಮನಿಯೊಳಗ ಮೊಬೈಲ್ ಇಟ್ಟದ್ದಕ್ಕ ಸಿಡ್ಲು ಬರಂಗಿಲ್ರಿ."

ಅವ್ವ ಸಿಮ್ಮನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸಿಮ್ ಇಲ್ಲಂತ ನಮಗ ಗೊತ್ತು ತಂಗಿ. ಸಿಡ್ಲಿಗಿ ಹ್ಯಾಂಗ ಗೊತ್ತಾಗಬೇಕು?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವ್ವ ನಗಲಿಲ್ಲ. ಅವಳ ತಮ್ಮ, ನನ್ನ ಸೋದರಮಾವ, ಹೊಲದಲ್ಲಿ ಸಿಡಿಲು ಬಡಿದು ಹೋದದ್ದನ್ನು ಮೊದಲಿಂದ ಹೇಳಿದಳು. ಅವನು ಎತ್ತು ಬಿಚ್ಚಿಕೊಂಡು ಬರಲು ಹೋಗಿದ್ದ. ಅವ್ವ ಮನೆಯ ಬಾಗಿಲಲ್ಲಿ ಅವನ ಊಟದ ತಾಟು ಹಿಡಿದು ನಿಂತಿದ್ದಳು. ಆ ಕಾಲಕ್ಕೆ ಮೊಬೈಲು ಎಲ್ಲಿತ್ತು? ಅದು ಅವಳಿಗೂ ಗೊತ್ತು. ಆದರೂ ಗುಡುಗಿದಾಗ ಕೈ ಏನಾದರೊಂದು ಮಾಡಬೇಕಲ್ಲ, ಬಂದ್ ಮಾಡಲಿಕ್ಕೆ ಏನಾದರೊಂದು ಸಿಗಬೇಕಲ್ಲ. ಅವ್ವ ಹೇಳುತ್ತ ಹೇಳುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೇಡಮ್ಮೋರು ಮತ್ತೊಂದು ಮಾತು ವಾದ ಮಾಡಲಿಲ್ಲ. ಬಸ್ಸಿಗೆ ಕಾಯುವಾಗ ನಾನೇ ಕೆದಕಿದೆ: ನೀವು ಇನ್ನೊಂದು ಸಲ ಒತ್ತಿ ಹೇಳಿದ್ದರೆ ಕೇಳುತ್ತಿದ್ದಳು, ಅವ್ವನಿಗೆ ನಿಮ್ಮ ಮೇಲೆ ಮರ್ಯಾದೆ ಇದೆ ಅಂತ. "ಸುಮ್ನಿರು ಬೇ. ಸಿಡ್ಲು ಮಂದೀನ ಕೊಲ್ತದ. ಅಂಜೂದು ಬರೋಬ್ಬರಿನೇ ಅದ. ಆಕಿ ಅಂಜಿಕಿ ತೆಗ್ಯಾಕ ನಾ ಯಾರು? ಆಕಿಗಿ ಕೇಳಿಸದಷ್ಟು ದೂರದ ಗುಡುಗು ಬರ್ತದ. ಕಾಯ್ತೇನಿ" ಎಂದರು. ಆ ವರ್ಷ ಬಂದ ಮಳೆಯೆಲ್ಲ ನೆಲೋಗಿಯ ನೆತ್ತಿಯ ಮೇಲೆಯೇ ಗುಡುಗಿತು. ಪ್ರತಿ ಸಲವೂ ಫೋನು ಚೀಲದೊಳಗೆ ಹೋಯಿತು.

ಮೂರನೆಯ ಬೇಸಿಗೆ ಅವರ ಕೊನೆಯದು. ಏಪ್ರಿಲ್ ಹೋಯಿತು, ಮೇ ತಿಂಗಳೂ ಮುಗಿಯುತ್ತ ಬಂತು. ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆಗೆ ಶಾಲು ಯಾವ ಬಣ್ಣದ್ದು ಅಂತ ಗುಸುಗುಸು ನಡೆಯಿತು. ಒಬ್ಬ ಸಹೋದ್ಯೋಗಿ, "ಮೇಡಂ, ಅಲಿ ಬರ್ತದೋ, ನೀವೇ ಹೋಗ್ತೀರೋ?" ಎಂದು ಚುಡಾಯಿಸಿದ. ನಾನಾಗಿದ್ದರೆ ಚಹಾದ ಕಪ್ಪನ್ನೇ ಎಸೆಯುತ್ತಿದ್ದೆ. ಅವರು, "ಇಬ್ಬರೂ ನಿಮ್ಮ ಸಲುವಾಗಿ ನಿಂತೀವ್ರಿ" ಎಂದು ಚಹಾ ಹೀರಿದರು. ಆದರೆ ಆ ದಿನ ಅವರು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತರು. ಇಷ್ಟು ವರ್ಷ ಸಾವಿರ ಮಕ್ಕಳಿಗೆ ಹೇಳಿದ್ದನ್ನು ತಾವೇ ಒಮ್ಮೆ ಕಾಣದೆ ಹೋಗಬೇಕೇ ಎಂಬ ಚಿಂತೆ ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಬೀಳ್ಕೊಡುಗೆಯ ಹಿಂದಿನ ವಾರ ಒಂದು ಬೆಳಗ್ಗೆ ಸೆಖೆ ಅಂದರೆ ಸೆಖೆ, ಉಟ್ಟ ಸೀರೆ ಮೈಗೆ ಅಂಟಿತ್ತು. ಮೇಡಮ್ಮೋರು ವಾಯುವ್ಯದ ಕಡೆ ನೋಡಿದರು, ಅರ್ಧ ದಿನ ರಜೆ ಹಾಕಿದರು, ಆಳಂದದ ಬಸ್ಸು ಹತ್ತಿದರು. ಅಕ್ಕ ಫೋನು ಆರಿಸದ ಹಾಗೆ ತಾವೇ ಅದರ ಪಕ್ಕ ಕೂರಬೇಕಿತ್ತು. ಕಾಲೇಜಿನ ಫೋನಿಗೆ ನಾನು ಕಾವಲು. ಮಧ್ಯಾಹ್ನ ಕಳೆದು ಬಿಸಿಲು ಬಾಗಿದ ಹೊತ್ತಿಗೆ ಅವರು ಕರೆ ಮಾಡಿದರು. ಅವರ ಧ್ವನಿಯ ಹಿಂದೆ ಗುಡುಗು ಕೇಳಿಸುತ್ತಿತ್ತು.

"ಬೇ, ಸೊಲ್ಲಾಪುರದ ಕಡಿ, ಬಾರ್ಡರಿನ ಆಚಿಗಿ ದೊಡ್ಡ ಮೋಡ ಎದ್ದದ. ಆಳಂದದಾಗ ಗಾಳಿ ಬಿಟ್ಟದ. ನಿಮ್ಮ ಕಡಿ ಹ್ಯಾಂಗ ಅದ?"

"ಬೆಳ್ಳಗ ಬಿಸಲು ಅದ್ರಿ. ಒಂದು ಎಳಿ ಮೋಡ ಇಲ್ಲ."

"ನೆಲೋಗಿ?"

"ಅಲ್ಲೂ ಹಂಗೇ ಇರಬೇಕ್ರಿ. ಗುಡುಗು ಅಲ್ಲೀ ತನಕ ಕೇಳಂಗಿಲ್ಲ. ಅವ್ವಗ ಸುದ್ದೀನೇ ಗೊತ್ತಾಗಂಗಿಲ್ಲ. ಕೂಡಿ ಬಂತ್ರಿ ಮೇಡಂ!"

ಅವರು, "ಅವ್ವಾರಿಗಿ ಫೋನ್ ಹಚ್ಚು. ಆಳಂದದಾಗ ಗುಡುಗಾಕತ್ತದ, ಅದರ ಅಲಿ ನಿಮ್ಮೂರಿಗಿ ಬರ್ತದ ಅಂತ ಹೇಳು" ಎಂದರು.

ನನಗೆ ತಲೆ ಕೆಟ್ಟಿತು. "ಏನ್ ಹೇಳಾಕತ್ತೀರಿ? ಗುಡುಗು ಅಂದ್ರ ಆಕಿ ಬಂದ್ ಮಾಡ್ತಾಳ! ಮೂರು ವರ್ಷ ಕಾದದ್ದು ಹೊಳ್ಯಾಗ ಹೋಗ್ತದ. ಹೇಳಬ್ಯಾಡ್ರಿ, ನಾ ಕಾಲಿಗಿ ಬೀಳ್ತೇನಿ."

"ಮಷಿನ್ ನಂದು. ಮನಿ ಆಕಿದು, ಅಂಜಿಕಿ ಆಕಿದು. ಆಕಿ ಮನ್ಯಾಗ ಆಕಿಗಿ ಮುಚ್ಚಿಟ್ಟು ಹಿಡದ ಅಲಿ ನನಗ ಬ್ಯಾಡ. ಬಂದ್ ಮಾಡಿದ್ರ ಮಾಡ್ಲಿ. ಹಚ್ಚು ಫೋನು."

ನಾನು ಬೈದುಕೊಳ್ಳುತ್ತಲೇ ಅವ್ವನ ಸ್ವಂತ ಮೊಬೈಲಿಗೆ ಹಚ್ಚಿದೆ. ಅವ್ವ ಎಲ್ಲ ಕೇಳಿದಳು. "ಆಕಿ ಅಲ್ಲೇ ಕುಂತಾಳೇನು, ಗುಡುಗಿನಾಗ?" ಎಂದಳು. ಹೌದು ಅಂದೆ. "ಮಷಿನ್ ಬಂದ್ ಮಾಡ್ಯಾಳೇನು?" ಇಲ್ಲ ಅಂದೆ. ಅವ್ವ ಕರೆ ಕಟ್ ಮಾಡಿದಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಅಣ್ಣ, ವೈನಿ ಹೊಲದಲ್ಲಿದ್ದರು, ಅವರೂ ಎತ್ತಲಿಲ್ಲ.

ಅಷ್ಟರಲ್ಲಿ ನನ್ನ ಮುಂದಿನ ಫೋನಿನ ಗೆರೆ ಏರತೊಡಗಿತು. ಹೊರಗೆ ನೋಡಿದರೆ ಬೇವಿನ ಎಲೆ ಅಲುಗುತ್ತಿಲ್ಲ, ಬಿಸಿಲು ಹಾಗೇ ಇದೆ, ಸಿಪಾಯಿ ಕಟ್ಟೆಯ ಮೇಲೆ ತೂಕಡಿಸುತ್ತಿದ್ದಾನೆ. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಮೇಡಮ್ಮೋರಿಗೆ ಹೇಳಿದೆ. ಅವರ ಫೋನಿನಲ್ಲೂ ಸ್ವಲ್ಪ ಹೊತ್ತಿನ ಹಿಂದೆ ಹಾಗೇ ಆಗಿತ್ತು. ಎರಡು ಊರು ಸಿಕ್ಕವು. ಮೂರನೆಯದು ಸಿಗದಿದ್ದರೆ ಈ ಎರಡಕ್ಕೆ ಅರ್ಥವಿಲ್ಲ. ನಾನು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ನೆಲೋಗಿ ತಲುಪುವವರೆಗೆ ಆ ಬಸ್ಸಿನ ಡ್ರೈವರನಿಗೆ ಮನಸ್ಸಿನಲ್ಲೇ ನಾನು ಕೊಟ್ಟ ಬೈಗುಳ ಅಷ್ಟಿಷ್ಟಲ್ಲ.

ಮಾರನೆಯ ದಿನ ಮೇಡಮ್ಮೋರು, 'ಅಲಿ ನೋಡೀರೇನ್ರಿ' ಎಂದು ಹಿಂದೆ ಕೇಳಿದ್ದ ಆ ಹುಡುಗಿಯನ್ನೂ, ಅವಳ ಜೊತೆ ಸಿಕ್ಕಷ್ಟು ಮಕ್ಕಳನ್ನೂ ಕರೆಸಿ ಮೂರು ಗೆರೆಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರು. ಆಳಂದ, ಅಫಜಲಪುರ, ನೆಲೋಗಿ. ಒಂದೇ ಏರು, ಒಂದೇ ಇಳಿತ, ಒಂದಾದ ಮೇಲೆ ಒಂದು, ಮೂರನೆಯದು ಸ್ವಲ್ಪ ಸಣ್ಣದು. "ನೋಡವಾ, ಈಗ ನಾ ನೋಡೀನಿ" ಎಂದರು. ಹುಡುಗಿ ಚಪ್ಪಾಳೆ ತಟ್ಟಿದಳು. ಅದು ದೊಡ್ಡ ದಿನವೇ, ಇಲ್ಲ ಅನ್ನುವುದಿಲ್ಲ. ಆದರೆ ಮೇಡಮ್ಮೋರು ಅಂದರೆ ನನ್ನ ಕಣ್ಣ ಮುಂದೆ ಬರುವುದು ಬೋರ್ಡಲ್ಲ, ಹಿಂದಿನ ದಿನದ ನೆಲೋಗಿಯ ಆ ಸಂಜೆ.

ನಾನು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಫೋನು ಅವಳ ಪಕ್ಕದ ಗೂಡಿನಲ್ಲಿ, ಚಾಲೂ ಇತ್ತು. ಗೆರೆ ಏರಿ ಇಳಿದು ಏರಿತ್ತು. ನಾನು ಕಿರುಚಿದೆ, ಅವ್ವನನ್ನು ತಬ್ಬಿದೆ. ಮೇಡಮ್ಮೋರಿಗೆ ಕರೆ ಮಾಡಿ ಬಂತ್ರೀ ಬಂತು ಎಂದೆ. ಆ ಕಡೆಯಿಂದ ಅಳು ಕೇಳಿಸಿತು. ಆಮೇಲೆ ಮೂಗು ಎಳೆದುಕೊಂಡು, ಅವ್ವನಿಗೆ ಕೊಡು ಎಂದರು. ಗೆರೆ ಎಷ್ಟು ಏರಿತು ಅಂತಲೂ ಕೇಳಲಿಲ್ಲ. ನಾನು ಸ್ಪೀಕರ್ ಹಾಕಿ ಅವ್ವನ ಮುಂದೆ ಹಿಡಿದೆ.

"ಅವ್ವಾರ, ಅಂಜಿಕಿ ಆತೇನ್ರಿ?"

"ಆತು ತಂಗಿ. ಎರಡು ಸಲ ಬಂದ್ ಮಾಡಾಕ ಕೈ ಹಾಕಿದ್ದೆ. ನೀ ಅಲ್ಲಿ ಒಬ್ಬಾಕೇ ಧೈರ್ಯದಿಂದ ಕುಂತೀ, ನಾ ಇಲ್ಲಿ ಬಿಸಲಾಗ ಕುಂತು ಅಂಜಿದ್ರ ಹ್ಯಾಂಗ ಅಂತ ಬಿಟ್ಟೆ."

"ಧೈರ್ಯ ಎಲ್ಲೀದ್ರಿ?" ಮೇಡಮ್ಮೋರು ನಕ್ಕರು, ಅಳು ಇನ್ನೂ ಅದರಲ್ಲಿ ಇತ್ತು. "ಸಣ್ಣಾಕಿದ್ದಾಗಿಂದ ನನಗ ಗುಡುಗಂದ್ರ ಜೀವ ಹೋಗ್ತದ್ರಿ ಅವ್ವಾರ. ಇವತ್ತೂ ಕಿವಿ ಮುಚ್ಚಿಕೊಂಡೇ ಕುಂತಿದ್ದೆ."

ಇಷ್ಟು ವರ್ಷದಲ್ಲಿ ಈ ಮಾತು ಅವರು ನನಗೂ ಹೇಳಿರಲಿಲ್ಲ.

ಅವ್ವ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. "ಯವ್ವಾ ನನ್ನ ತಾಯಿ! ನೀನೂ ಅಂಜತೀ ಅಂತ ಮೊದಲನೇ ವರ್ಷಾನೇ ಹೇಳಬಾರದಿತ್ತೇನು? ನಾ ಅವತ್ತೇ ಚಾಲೂ ಇಡ್ತಿದ್ನಲ್ಲ!"